ಸಂಪಾದಕರ ಉತ್ತರ: ‘ರೆವರೆಂಡ್ ಕಿಟೆಲ್’ ಅಂದರೆ ತಪ್ಪೇ?

ಕಿಟೆಲ್ ಕುರಿತ ಲೇಖನದಲ್ಲಿ ‘ರೆವರೆಂಡ್ ಕಿಟೆಲ್’ ಎಂದು ಅಚ್ಚಾದದ್ದಕ್ಕೆ ಹುಬ್ಬಳ್ಳಿಯ ಓದುಗರೊಬ್ಬರು ತಕರಾರು ತೆಗೆದಿದ್ದಾರೆ. ಇಂಗ್ಲಿಷಿನಲ್ಲಿ ಪೂರ್ತಿ ಹೆಸರಿಲ್ಲದೆ ಹಾಗೆ ಬರೆಯುವಂತಿಲ್ಲ, ‘ಫಾದರ್’ ಅನ್ನಬೇಕಿತ್ತು ಅಲ್ವಾ ಎಂದು ಕೇಳಿದ್ದಾರೆ.

ಸಾರ್, ಫಾದರ್ ಅಂತೂ ಬೇಡ. ಕಿಟೆಲ್ ಬಾಸೆಲ್ ಮಿಷನ್ನಿನ ಪ್ರಾಟೆಸ್ಟೆಂಟ್ ಪಾದ್ರಿ. ಹೆಂಡತಿ ಮಕ್ಕಳಿದ್ದ ಸಂಸಾರಸ್ಥರು. ನಮ್ಮಲ್ಲಿ ಫಾದರ್ ಎಂದು ಕರೆಯುವುದು ಸಾಮಾನ್ಯವಾಗಿ ಕ್ಯಾಥೊಲಿಕ್ ಗುರುಗಳನ್ನು.

ಇನ್ನು ರೆವರೆಂಡ್. ನೀವು ಹೇಳುವ ನಿಯಮ ಇರುವುದು ನಿಜ. ಇಂಗ್ಲೆಂಡಿನ ಹಳೇ ಶಿಸ್ತಿನ ಪ್ರಕಾರ ಅದರ ಮುಂದೆ ಪೂರ್ತಿ ಹೆಸರೋ ಇನಿಷಿಯಲ್ಲೋ ಬರಬೇಕು. ಬರೀ ಮನೆತನದ ಹೆಸರಾದರೆ ನಡುವೆ ಮಿಸ್ಟರ್ ಅಥವಾ ಡಾಕ್ಟರ್ ಸೇರಬೇಕು. ಕಿಟೆಲ್ಲರ 1894ರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ‘ರೆವ. ಎಫ್. ಕಿಟೆಲ್’ ಎಂದೇ ಇದೆ. ಅಮೆರಿಕದವರು ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದು ಕಡಿಮೆ. ಎದುರಿಗೇ ‘ರೆವರೆಂಡ್’ ಎಂದು ಕರೆದುಬಿಡುತ್ತಾರೆ.

ಈ ಪದಕ್ಕಾಗಿ ಇಂಗ್ಲೆಂಡಿನಲ್ಲಿ ಕೋರ್ಟು ಕಚೇರಿಯೂ ಆಗಿದೆ. ಲಿಂಕನ್‌ಷೈರಿನ ಒಂದು ಊರಲ್ಲಿ ಕೀಟ್ ಎಂಬ ವೆಸ್ಲಿಯನ್ (ಅಂದರೆ ಮೆಥಡಿಸ್ಟ್) ಪಾದ್ರಿಯ ಮಗಳು ತೀರಿಕೊಂಡಳು. ಸಮಾಧಿಯ ಕಲ್ಲಿನ ಮೇಲೆ ‘ರೆವ. ಎಚ್. ಕೀಟ್ ಅವರ ಕಿರಿಯ ಮಗಳು’ ಎಂದು ಕೆತ್ತಿಸಲು ಅಪ್ಪ ಹೊರಟರು. ಆ ಊರಿನ ಆಂಗ್ಲಿಕನ್ ವಿಕಾರ್, ಅಂದರೆ ಚರ್ಚ್ ಆಫ್ ಇಂಗ್ಲೆಂಡಿನ ಪಾದ್ರಿ, ಅಡ್ಡ ನಿಂತರು. ರೆವರೆಂಡ್ ಅನ್ನುವುದು ನಮ್ಮ ಚರ್ಚಿನವರಿಗೆ ಮಾತ್ರ ಅಂತ ವಾದ. ಮಗಳನ್ನು ಕಳೆದುಕೊಂಡವರ ಹತ್ತಿರ ಮೂರಕ್ಷರಕ್ಕೆ ಜಗಳ! ಚರ್ಚಿನ ಕೋರ್ಟುಗಳು ವಿಕಾರರ ಪರವಾಗೇ ನಿಂತವು. ಕೊನೆಗೆ 1876ರಲ್ಲಿ ಅವುಗಳ ಮೇಲಿನ ಅಪೀಲು ಕೋರ್ಟಾದ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ತಳ್ಳಿಹಾಕಿತು. ಇದು ಯಾರದೋ ಸ್ವತ್ತಾದ ಪದವಿಯಲ್ಲ, ಗೌರವಕ್ಕೆ ಹೇಳುವ ಮಾತು ಅಷ್ಟೆ ಎಂದಿತು. ಕೀಟ್ ಗೆದ್ದರು.

ಹಾಗಂತ ಮೆಟ್ಟಿಲುಗಳೇ ಇಲ್ಲ ಅಂತಲ್ಲ. ಆಂಗ್ಲಿಕನ್ನರಲ್ಲಿ ಡೀನ್ (ಕ್ಯಾಥೆಡ್ರಲ್ ಚರ್ಚಿನ ಮುಖ್ಯ ಪಾದ್ರಿ) ಆದವರು ವೆರಿ ರೆವರೆಂಡ್, ಬಿಷಪ್ ರೈಟ್ ರೆವರೆಂಡ್, ಆರ್ಚ್‌ಬಿಷಪ್ ಮೋಸ್ಟ್ ರೆವರೆಂಡ್. ಆದರೆ ಭಾರತದ ಕ್ಯಾಥೊಲಿಕರು ಬಿಷಪ್ಪರಿಗೂ ಮೋಸ್ಟ್ ರೆವರೆಂಡ್ ಎಂದೇ ಬರೆಯುತ್ತಾರೆ. ಆಹ್ವಾನಪತ್ರಿಕೆ ಅಚ್ಚು ಹಾಕಿಸುವವರು ಯಾವ ಚರ್ಚಿನವರು ಎಂದು ಒಂದು ಮಾತು ಕೇಳಿಕೊಳ್ಳುವುದು ಕ್ಷೇಮ. ಕ್ವೇಕರರು ಎಂಬ ಕ್ರೈಸ್ತ ಪಂಗಡದವರಿಗಂತೂ ಇಂಥ ಬಿರುದುಗಳೇ ಬೇಡ.

ಇಂಗ್ಲಿಷಿನ ಲಕೋಟೆಯ ಮೇಲೆ ನೀವು ಹೇಳಿದಂತೆಯೇ ಪೂರ್ತಿ ಹೆಸರು ಬರೆಯೋಣ. ಕನ್ನಡದಲ್ಲಿ ‘ರೆವರೆಂಡ್ ಕಿಟೆಲ್’ ಎಂಬುದು ಜನರ ಬಾಯಲ್ಲಿ ಯಾವತ್ತೋ ಕೂತುಬಿಟ್ಟಿದೆ. ನಮ್ಮ ಪತ್ರಿಕೆಯಲ್ಲಿ ಅದು ಹಾಗೇ ಇರುತ್ತದೆ.

— ಸಂ.