ಯುಎನ್ ಶಾಂತಿಪಡೆಗೆ ದುಡ್ಡು ಹಾಕುವವರು ಯಾರು? ಅದನ್ನು ನಡೆಸುವವರು ಯಾರು?

ನೀವು ಚಿತ್ರದುರ್ಗದಿಂದ ಕೇಳಿದ್ದು ಮೂರು ವಿಷಯ: ಇಷ್ಟು ದೊಡ್ಡ ಪಡೆಗೆ ದುಡ್ಡು ಎಲ್ಲಿಂದ ಬರುತ್ತದೆ, ಯಾರು ನಡೆಸುತ್ತಾರೆ, ಸೇನೆಯಲ್ಲಿರುವ ನಿಮ್ಮ ಅಣ್ಣನಿಗೆ ಕಾಂಗೋ ಡ್ಯೂಟಿ ಬಿದ್ದರೆ ಡಾಲರಿನಲ್ಲಿ ಸಂಬಳ ಸಿಗುತ್ತದಾ ಅಂತ. ನಾನು ಇಎಂಇಯಲ್ಲಿ, ಅಂದರೆ ಸೇನೆಯ ಗಾಡಿ-ಯಂತ್ರ ರಿಪೇರಿ ವಿಭಾಗದಲ್ಲಿ ಇದ್ದವನು. ಕಾಂಗೋದ ಗೋಮಾದಲ್ಲಿ ನಮ್ಮವರ ಗಾಡಿ, ಜನರೇಟರ್ ರಿಪೇರಿ ನೋಡಿಕೊಳ್ಳುತ್ತಿದ್ದೆ. ಈಗ ದಾವಣಗೆರೆಯಲ್ಲಿ ಪಂಪ್‌ಸೆಟ್, ಜನರೇಟರ್ ಕೆಲಸವೇ.

ಸಂಬಳದ್ದು ಮೊದಲು ಮುಗಿಸೋಣ. ಸೈನಿಕನಿಗೆ ಯುಎನ್ ಸಂಬಳ ಕೊಡುವುದಿಲ್ಲ. ಅವನನ್ನು ಕಳಿಸಿದ ಸರ್ಕಾರಕ್ಕೆ ತಲೆಗೆ ಇಷ್ಟು ಅಂತ ಕೊಡುತ್ತದೆ. 2019ರ ಜುಲೈನಲ್ಲಿ ಅದು ಒಬ್ಬರಿಗೆ ತಿಂಗಳಿಗೆ 1,428 ಡಾಲರ್ ಇತ್ತು. ಆಮೇಲೆ ಸ್ವಲ್ಪ ಏರಿದೆ. ಯಾವ ದೇಶದವರಾದರೂ ಒಂದೇ ದರ. ನಿಮ್ಮ ಅಣ್ಣನಿಗೆ ಸಿಗುವುದು ನಮ್ಮ ಸರ್ಕಾರದ ಸಂಬಳ, ಅದರ ಮೇಲೆ ಹೊರದೇಶದ ಭತ್ಯೆ. ಇಲ್ಲಿರುವಾಗ ಬರುವುದಕ್ಕಿಂತ ಜಾಸ್ತಿ, ಅದು ನಿಜ. ಯುಎನ್ ನೇರವಾಗಿ ಕೈಗೆ ಕೊಡುವುದು ದಿನಕ್ಕೆ 1.28 ಡಾಲರ್, ರಜೆಗೆ ಸ್ವಲ್ಪ ಬೇರೆ. ಊರಲ್ಲಿ ಹರಡಿರುವ ಡಾಲರ್ ಕಥೆಗಳನ್ನು ಸುಮ್ನೆ ನಂಬಬೇಡಿ.

ಇನ್ನು ದುಡ್ಡಿನ ಮೂಲ. ಕಾಶ್ಮೀರದ ವೀಕ್ಷಕರ ತಂಡದಂಥ ಒಂದೆರಡು ಹಳೇ ಸಣ್ಣ ತಂಡ ಬಿಟ್ಟರೆ, ಶಾಂತಿಪಡೆಗೆ ಯುಎನ್‌ನ ಮಾಮೂಲಿ ಬಜೆಟ್ಟಿನಿಂದ ಬರುವುದಿಲ್ಲ. ಅದಕ್ಕೆ ಪ್ರತ್ಯೇಕ ಬಜೆಟ್ ಇದೆ, ಲೆಕ್ಕದ ವರ್ಷ ಜುಲೈ 1ಕ್ಕೆ ಶುರು. 2024-25ರಲ್ಲಿ ಅದು ಸುಮಾರು 560 ಕೋಟಿ ಡಾಲರ್. ಕೇಳಲು ದೊಡ್ಡದು. ಆದರೆ ಅದೇ ವರ್ಷ ನಮ್ಮ ದೇಶದ ರಕ್ಷಣಾ ಬಜೆಟ್ ಇತ್ತಲ್ಲ, ಅದರ ಹತ್ತರಲ್ಲಿ ಒಂದು ಪಾಲೂ ಆಗಲ್ಲ.

ಊರ ಜಾತ್ರೆಗೆ ಮನೆಯ ಅನುಕೂಲ ನೋಡಿ ಪಟ್ಟಿ ಹಾಕುತ್ತಾರಲ್ಲ, ಇದೂ ಹಾಗೇ. ದೇಶದ ವರಮಾನ ನೋಡಿ ಪಾಲು ಗೊತ್ತು ಮಾಡುತ್ತಾರೆ. ಬಡ ದೇಶಗಳಿಗೆ ರಿಯಾಯಿತಿ. ಅವರಿಗೆ ಬಿಟ್ಟಿದ್ದನ್ನು ವೀಟೋ ಇರುವ ಐದು ದೇಶಗಳ ಮೇಲೆ ಹಾಕುತ್ತಾರೆ. 2025ರಿಂದ ಮೂರು ವರ್ಷಕ್ಕೆ ಅಮೆರಿಕದ ಪಾಲು ಶೇ. 26ರ ಮೇಲಿದೆ, ಚೀನಾದ್ದು ಶೇ. 23ರ ಮೇಲೆ. ಎರಡೇ ದೇಶಕ್ಕೆ ಹತ್ತಿರ ಹತ್ತಿರ ಅರ್ಧ ಆಯಿತು. ಭಾರತದ್ದು ಶೇ. 1ರಲ್ಲಿ ಕಾಲು ಭಾಗವೂ ಇಲ್ಲ. ನಾವು ದುಡ್ಡು ಕಡಿಮೆ ಕೊಡುತ್ತೇವೆ, ಜನ ಜಾಸ್ತಿ ಕಳಿಸುತ್ತೇವೆ. ಇಲ್ಲಿಯವರೆಗೆ ಹೋಗಿಬಂದ ಭಾರತೀಯರು ಎರಡು ಲಕ್ಷಕ್ಕೂ ಮೀರಿದ್ದಾರೆ.

ನಡೆಸುವುದು ಯಾರು? ಪಡೆ ಕಳಿಸಬೇಕೋ ಬೇಡವೋ ಅಂತ ಹೇಳುವುದು ಭದ್ರತಾ ಮಂಡಳಿಯ 15 ದೇಶ. ದುಡ್ಡಿಗೆ ಒಪ್ಪಿಗೆ ಕೊಡುವುದು ಎಲ್ಲ ಸದಸ್ಯ ದೇಶಗಳೂ ಇರುವ ಸಾಮಾನ್ಯ ಸಭೆ, ಬಜೆಟ್ ನೋಡುವ ಅದರ ಐದನೇ ಸಮಿತಿಯಲ್ಲಿ ಒಂದೊಂದು ಹುದ್ದೆಗೂ ಚೌಕಾಸಿ ನಡೆಯುತ್ತದೆ. ಸ್ಥಳದಲ್ಲಿ ಎಲ್ಲರಿಗೂ ಮೇಲಿರುವವರು ಸಾಮಾನ್ಯವಾಗಿ ಸೇನೆಯವರಲ್ಲ, ಪ್ರಧಾನ ಕಾರ್ಯದರ್ಶಿಯ ವಿಶೇಷ ಪ್ರತಿನಿಧಿ. ಫೋರ್ಸ್ ಕಮಾಂಡರ್ ಅವರ ಕೈಕೆಳಗೆ. ಡೀಸೆಲ್, ರೇಷನ್, ಹೆಲಿಕಾಪ್ಟರ್, ಕ್ಯಾಂಪು ಎಲ್ಲ ಮಿಷನ್ ಸಪೋರ್ಟ್ ಅನ್ನುವ ಸಿವಿಲ್ ವಿಭಾಗದ್ದು. ನನ್ನ ಅನುಭವದಲ್ಲಿ ಪಡೆಯ ಜುಟ್ಟು ಇರುವುದೇ ಅವರ ಕೈಯಲ್ಲಿ. ಹೆಲಿಕಾಪ್ಟರಿಗೆ ಅವರ ಸಹಿ ಬೀಳದೆ ಕರ್ನಲ್ ಸಾಹೇಬರೂ ಕಾಯಬೇಕು.

ಗಾಡಿಗಳ ಲೆಕ್ಕ ನನಗೆ ಇಷ್ಟದ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯುಎನ್‌ಗೆ ಸ್ವಂತ ಸೇನೆ ಇಲ್ಲ. ಬಂದೂಕು, ಟ್ರಕ್ಕು, ನೀರಿನ ಟ್ಯಾಂಕರ್ ಎಲ್ಲ ಪಡೆಗಳೇ ತಮ್ಮ ದೇಶದಿಂದ ತಂದು ಬಾಡಿಗೆಗೆ ಬಿಟ್ಟಂತೆ. ರಿಪೇರಿಯೂ ನಮ್ಮದೇ ಆದರೆ ವೆಟ್ ಲೀಸ್, ಯುಎನ್ ಮಾಡಿಸಿದರೆ ಡ್ರೈ ಲೀಸ್. ನಮ್ಮದು ವೆಟ್ ಲೀಸ್. ಮೂರು ತಿಂಗಳಿಗೊಮ್ಮೆ ಇನ್‌ಸ್ಪೆಕ್ಷನ್ ಟೀಮ್ ಬರುತ್ತಿತ್ತು. ಬಿಳಿ ಬಣ್ಣದ ಗಾಡಿಗಳನ್ನೆಲ್ಲ ಸಾಲಾಗಿ ನಿಲ್ಲಿಸಬೇಕು. ಒಬ್ಬರು ನಂಬರ್ ಓದುತ್ತಾರೆ, ಇನ್ನೊಬ್ಬರು ಟಿಕ್ ಹಾಕುತ್ತಾರೆ, ಡ್ರೈವರ್ ಸ್ಟಾರ್ಟ್ ಮಾಡಿ ತೋರಿಸಬೇಕು. ಒಂದು ಬಗೆಯ ಗಾಡಿ ಹತ್ತಿದ್ದರೆ ಒಂಬತ್ತಾದರೂ ಓಡಬೇಕು. ಓಡಿದರೆ ಪೂರ್ತಿ ಬಾಡಿಗೆ, ಅದಕ್ಕಿಂತ ಇಳಿದರೆ ಕಡಿತ. ಗೋಮಾ ಇರುವುದು ಜ್ವಾಲಾಮುಖಿಯ ಬುಡದಲ್ಲಿ. ರಸ್ತೆ ತುಂಬಾ ಚೂಪಾದ ಲಾವಾ ಕಲ್ಲು, ಕಪ್ಪು ಧೂಳು. ಟೈರ್ ಹರಿಯುತ್ತಿತ್ತು, ಏರ್ ಫಿಲ್ಟರ್ ಕಟ್ಟಿಕೊಳ್ಳುತ್ತಿತ್ತು. ಸ್ಪೇರ್ ಇಂಡಿಯಾದಿಂದ ಹಡಗಿನಲ್ಲಿ ಬರಬೇಕು. ಹಾಗಾಗಿ ಇನ್‌ಸ್ಪೆಕ್ಷನ್ ಹಿಂದಿನ ರಾತ್ರಿ ವರ್ಕ್‌ಶಾಪಿನಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ. ಅಡುಗೆಮನೆ, ಬಟ್ಟೆ ಒಗೆಯುವ ವ್ಯವಸ್ಥೆ, ಟೆಂಟು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ.

ತೊಂದರೆ ಇರುವುದು ದುಡ್ಡು ತಡವಾಗಿ ಬರುವುದರಲ್ಲಿ. ಪಾಲು ಹಾಕುವುದು ಸುಲಭ, ವಸೂಲಿ ಕಷ್ಟ. ಶೇ. 25ಕ್ಕಿಂತ ಜಾಸ್ತಿ ಕೊಡಬಾರದು ಅಂತ 1994ರಲ್ಲೇ ಅಮೆರಿಕ ತನ್ನದೇ ಕಾನೂನು ಮಾಡಿಕೊಂಡಿದೆ. ನಡುವೆ ಕೆಲವು ವರ್ಷ ಸಡಿಲಿಸಿದ್ದೂ ಉಂಟು. ಆದರೂ ಬಾಕಿ ಬೆಳೆಯುತ್ತಲೇ ಬಂತು. ಸಾಲದ್ದಕ್ಕೆ ಒಂದೊಂದು ಕಾರ್ಯಾಚರಣೆಗೂ ಬೇರೆ ಬೇರೆ ಖಾತೆ. ಒಂದರ ದುಡ್ಡನ್ನು ಇನ್ನೊಂದಕ್ಕೆ ಕೈಸಾಲ ಕೊಡಲು ಸರಾಗವಾಗಿ ಬಿಟ್ಟಿದ್ದೇ 2019ರಲ್ಲಿ. ಖಾತೆ ಖಾಲಿಯಾದಾಗ ಡೀಸೆಲ್‌ನವನಿಗೆ ನಾಳೆ ಬಾ ಅನ್ನಲಾಗುವುದಿಲ್ಲ, ಸಿಬ್ಬಂದಿ ಸಂಬಳ ನಿಲ್ಲಿಸಲಾಗುವುದಿಲ್ಲ. ಕಾಯುವವರು ಸೈನ್ಯ ಕಳಿಸಿದ ಸರ್ಕಾರಗಳೇ. 2019ರ ಮಾರ್ಚ್‌ನಲ್ಲಿ ಭಾರತಕ್ಕೆ ಬರಬೇಕಿದ್ದ ಬಾಕಿ 3.8 ಕೋಟಿ ಡಾಲರ್. ಒಂದು ಲೆಕ್ಕದಲ್ಲಿ ಶ್ರೀಮಂತ ದೇಶಗಳ ಪಾಲಿಗೆ ನಾವು ಬಡ್ಡಿ ಇಲ್ಲದೆ ಸಾಲ ಕೊಟ್ಟ ಹಾಗಾಯಿತು, ಅಲ್ವಾ?

ಇದು ಹೊಸ ಕಥೆಯೇನಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್ ಪಡೆಯ ಕಮಾಂಡರ್ ಆಗಿದ್ದು 1964ರಲ್ಲಿ. 1965ರ ಡಿಸೆಂಬರಿನಲ್ಲಿ ಅಲ್ಲೇ ತೀರಿಕೊಂಡರು. ಆ ಪಡೆ ಎಷ್ಟೋ ವರ್ಷ ನಡೆದದ್ದು ದೇಶಗಳು ಮನಸ್ಸು ಬಂದಷ್ಟು ಕೊಟ್ಟ ದೇಣಿಗೆಯಲ್ಲಿ. ಕಡ್ಡಾಯ ಪಾಲು ಶುರುವಾಗಿದ್ದು 1993ಕ್ಕೆ.

2025ರ ಅಕ್ಟೋಬರಿನಲ್ಲಿ ಇನ್ನೂ ಬಿಗಿಯಾಯಿತು. ದುಡ್ಡಿಲ್ಲದ್ದಕ್ಕೆ ಒಂಬತ್ತು ಕಾರ್ಯಾಚರಣೆಗಳಿಂದ ಕಾಲು ಭಾಗದಷ್ಟು ಸೈನಿಕರು, ಪೊಲೀಸರನ್ನು ವಾಪಸ್ ಕಳಿಸುವುದಾಗಿ ಯುಎನ್ ಹೇಳಿತು. ಹಾಗಾಗಿ ನಿಮ್ಮ ಅಣ್ಣ ಕಾಂಗೋ ನೆಚ್ಚಿಕೊಂಡು ಊರಲ್ಲಿ ಮನೆ ಕಟ್ಟಲು ಸಾಲ ಎತ್ತುವುದು ಈಗ ಬೇಡ. ಹೆಸರು ಲಿಸ್ಟಿಗೆ ಬಂದು, ದೆಹಲಿಯ ಶಾಂತಿಪಾಲನಾ ಕೇಂದ್ರದಲ್ಲಿ ಟ್ರೈನಿಂಗ್ ಮುಗಿದ ಮೇಲೆ ಯೋಚನೆ ಮಾಡಲಿ.