ಇಂಗ್ಲೆಂಡ್ ಸ್ಪಿನ್ನರ್ ಡೆರೆಕ್ ಅಂಡರ್‌ವುಡ್‌ಗೆ 297 ಟೆಸ್ಟ್ ವಿಕೆಟ್ ಸಿಕ್ಕಿದ್ದು ಒದ್ದೆ ಪಿಚ್‌ಗಳ ಪುಣ್ಯದಿಂದಲೇ?

ಅರ್ಧ ನಿಜ. ಆದರೆ ಪಿಚ್ ಬರೀ ಒದ್ದೆಯಾಗಿದ್ದರೆ ಬೌಲರ್‌ಗೆ ಲಾಭವಿಲ್ಲ. ನೀರು ಕುಡಿದ ನೆಲದಲ್ಲಿ ಚೆಂಡು ಜಾರಿಕೊಂಡು ನಿಧಾನವಾಗಿ ಬರುತ್ತದೆ, ಹಿಡಿತಕ್ಕೂ ಸಿಗುವುದಿಲ್ಲ. ಬಿಸಿಲು ಬಿದ್ದು ಮೇಲ್ಪದರ ಒಣಗತೊಡಗಿ ಒಳಗೆ ಹಸಿ ಉಳಿದಾಗಲೇ ಅಸಲಿ ಆಟ ಶುರು. ಆಗ ಚೆಂಡು ನೆಲವನ್ನು ಕಚ್ಚುತ್ತದೆ, ಒಂದು ಎದೆಗೆ ಏಳುತ್ತದೆ, ಇನ್ನೊಂದು ತಿರುಗುತ್ತದೆ.

ಅಂಥ ಪಿಚ್ ಎಲ್ಲ ಸ್ಪಿನ್ನರ್‌ಗಳಿಗೂ ಸಿಗುತ್ತಿತ್ತಲ್ಲ, ಅಂಡರ್‌ವುಡ್‌ಗೇ ಏಕೆ ಅಷ್ಟು ವಿಕೆಟ್? ಕಾರಣ ವೇಗ. ಎಡಗೈ ಸ್ಪಿನ್ನರ್ ಎಂದು ಬರೆದರೂ ಅವರು ಹಾಕುತ್ತಿದ್ದದ್ದು ಹೆಚ್ಚುಕಡಿಮೆ ಮಧ್ಯಮ ವೇಗದ ಕಟರ್, ಅಂದರೆ ನೆಲಕ್ಕೆ ಬಿದ್ದು ದಿಕ್ಕು ಬದಲಿಸುವ ವೇಗದ ಎಸೆತ. ಓಟ ಉದ್ದ, ಚೆಂಡು ಚಪ್ಪಟೆ. ಗಾಳಿಯಲ್ಲಿ ತೇಲಿಸುವ ಸ್ಪಿನ್ನರ್ ಎದುರು, ಚೆಂಡು ನೆಲಕ್ಕೆ ಬಿದ್ದ ಮೇಲೂ ಬ್ಯಾಟ್ ಸರಿಪಡಿಸಿಕೊಳ್ಳಲು ಕ್ಷಣ ಸಿಗುತ್ತದೆ. ಇವರ ಎದುರು ಅದೂ ಇಲ್ಲ. ಆ ವೇಗಕ್ಕೂ ಕೀಪರ್ ಅಲನ್ ನಾಟ್ ಸ್ಟಂಪ್‌ಗೆ ಅಂಟಿಕೊಂಡೇ ನಿಲ್ಲುತ್ತಿದ್ದರು, ಹಾಗಾಗಿ ಕ್ರೀಸ್ ಬಿಟ್ಟು ಮುನ್ನುಗ್ಗುವುದೂ ಅಪಾಯ. ಕೌಂಟಿ ತಂಡ ಕೆಂಟ್ ಮತ್ತು ಇಂಗ್ಲೆಂಡ್ ಎರಡರಲ್ಲೂ ಇದೇ ಜೋಡಿ. ಅಂಡರ್‌ವುಡ್ ವಿಕೆಟ್‌ಗಳಲ್ಲಿ ಒಂದು ಪಾಲು ನಾಟ್‌ಗೆ ಸೇರಬೇಕು ಅನ್ನುವುದು ನನ್ನ ಅಭಿಪ್ರಾಯ.

1968ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಓವಲ್ ಟೆಸ್ಟ್ ನೋಡಿ. ಕೊನೆಯ ದಿನ ಊಟದ ಹೊತ್ತಿಗೆ ಜಡಿಮಳೆ, ಮೈದಾನವೆಲ್ಲ ಕೆರೆ. ಪ್ರೇಕ್ಷಕರೂ ಸೇರಿ ನೀರು ಬಳಿದರು. ಆಟ ಮತ್ತೆ ಶುರುವಾದಾಗ ಉಳಿದಿದ್ದು 75 ನಿಮಿಷ, ಬೇಕಿದ್ದದ್ದು 5 ವಿಕೆಟ್. ಸುಮಾರು 40 ನಿಮಿಷ ಒಂದೂ ಬೀಳಲಿಲ್ಲ: ಪಿಚ್ ಇನ್ನೂ ತೀರಾ ಒದ್ದೆ. ಇಂಗ್ಲೆಂಡ್‌ನ ಇನ್ನೊಬ್ಬ ಬೌಲರ್ ಡಾಲಿವೆರಾ ಒಂದು ಕಿತ್ತ ಮೇಲೆ, ಒಣಗುತ್ತಿದ್ದ ನೆಲದಲ್ಲಿ ಅಂಡರ್‌ವುಡ್ 27 ಎಸೆತಗಳಲ್ಲಿ ಉಳಿದ 4 ವಿಕೆಟ್ ತೆಗೆದರು. ಫೀಲ್ಡರ್‌ಗಳೆಲ್ಲ ಬ್ಯಾಟ್ ಸುತ್ತಲೇ ಇದ್ದರು. ಒಟ್ಟು 7/50 (50 ರನ್‌ಗೆ 7 ವಿಕೆಟ್), ಸರಣಿ 1-1. 1974ರಲ್ಲಿ ಲಾರ್ಡ್ಸ್‌ನಲ್ಲಿ ಪಾಕಿಸ್ತಾನದ ವಿರುದ್ಧ 13/71 ಪಡೆದಾಗಲೂ ಹೊದಿಕೆಯಡಿ ಮಳೆನೀರು ನುಗ್ಗಿತ್ತು.

ಇನ್ನು ಉಳಿದರ್ಧ. 1976-77ರಲ್ಲಿ ಭಾರತದಲ್ಲಿ 5 ಟೆಸ್ಟ್‌ಗಳಿಂದ 29 ವಿಕೆಟ್, ಸರಾಸರಿ 17.55. ಇಲ್ಲಿ ಯಾವ ಇಂಗ್ಲಿಷ್ ಮಳೆ? ಆ ಸರಣಿಯಲ್ಲಿ ಭಾರತ ಗೆದ್ದದ್ದು ಬೆಂಗಳೂರಿನಲ್ಲಿ ಮಾತ್ರ. ಅಲ್ಲಿ ಮೊದಲ ಇನಿಂಗ್ಸ್‌ನಲ್ಲಿ 6/76 ಪಡೆದ ನಮ್ಮ ಚಂದ್ರಶೇಖರ್ ಕೂಡ ವೇಗವಾಗಿ ಹಾಕುವ ಸ್ಪಿನ್ನರೇ. ಟೆಸ್ಟ್‌ಗಳಲ್ಲಿ ಗಾವಸ್ಕರ್ ಅವರನ್ನು ಅಂಡರ್‌ವುಡ್ 12 ಸಲ ಔಟ್ ಮಾಡಿದ್ದಾರೆ, ಬೇರೆ ಯಾವ ಬೌಲರ್‌ಗೂ ಅದು ಆಗಿಲ್ಲ.

ಕೊರತೆ ಇರಲಿಲ್ಲವೆಂದಲ್ಲ. ಗಟ್ಟಿ, ಸಪಾಟು ಪಿಚ್‌ನಲ್ಲಿ ಬೇಡಿಯಂತೆ ಗಾಳಿಯಲ್ಲೇ ಮೋಸ ಮಾಡುವ ಕಲೆ ಇವರದಲ್ಲ. ಅಲ್ಲಿ ರನ್ ಕಟ್ಟಿಹಾಕುತ್ತಿದ್ದರು. ಟೆಸ್ಟ್ ಜೀವನ ಪೂರ್ತಿ ಓವರಿಗೆ 2.10 ರನ್ ಅಷ್ಟೇ.

300 ದಾಟದೆ ಹೋದದ್ದಕ್ಕೂ ಪಿಚ್‌ಗೂ ಸಂಬಂಧವಿಲ್ಲ. 1977ರಲ್ಲಿ ಉದ್ಯಮಿ ಕೆರಿ ಪ್ಯಾಕರ್ ಅವರ ಖಾಸಗಿ ಸರಣಿಗೆ ಹೋಗಿ ಎರಡು ವರ್ಷ ಕಳೆದುಕೊಂಡರು. 1982ರ ಫೆಬ್ರವರಿಯಲ್ಲಿ ಕೊಲಂಬೊದಲ್ಲಿ, ಶ್ರೀಲಂಕಾದ ಮೊಟ್ಟಮೊದಲ ಟೆಸ್ಟ್‌ನಲ್ಲಿ 5/28 ತೆಗೆದರು. ಮರು ತಿಂಗಳೇ, ವರ್ಣಭೇದ ನೀತಿಗಾಗಿ ಬಹಿಷ್ಕೃತವಾಗಿದ್ದ ದಕ್ಷಿಣ ಆಫ್ರಿಕಾದಲ್ಲಿ ಬಂಡಾಯ ಪ್ರವಾಸ ಮಾಡಿ 3 ವರ್ಷ ನಿಷೇಧಕ್ಕೊಳಗಾದರು. ಮತ್ತೆ ಟೆಸ್ಟ್ ಆಡಲಿಲ್ಲ. ಕೆಂಟ್‌ಗೆ ಮಾತ್ರ 1987ರವರೆಗೂ ಆಡಿ, ಪ್ರಥಮ ದರ್ಜೆಯಲ್ಲಿ 2,465 ವಿಕೆಟ್ ಮುಗಿಸಿದರು.