ಮಾಸ್ಟರ್ ಸಿಲಿಂಡರ್ ಬದಲಿಸಿದರೂ ಬ್ರೇಕ್ ಪೆಡಲ್ ಮೆತ್ತಗಿದೆಯೇ?

ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಅನ್ನು ಚಕ್ರಗಳತ್ತ ತಳ್ಳುವ ಭಾಗ) ಹಾಕಿ, ನಾಲ್ಕೂ ಚಕ್ರ ಬ್ಲೀಡ್ ಮಾಡಿದ (ಆಯಿಲ್‌ನಲ್ಲಿರುವ ಗಾಳಿ ಹೊರಗೆ ತೆಗೆದ) ಮೇಲೂ ಪೆಡಲ್ ಮೆತ್ತಗಿದೆ ಅಂದರೆ, ಗಾಳಿ ಸಿಲಿಂಡರ್ ಒಳಗೇ ಸಿಕ್ಕಿಕೊಂಡಿರುವ ಸಾಧ್ಯತೆ ಜಾಸ್ತಿ. ಕೂರಿಸುವ ಮುಂಚೆ ಅದನ್ನೇ ಬೇರೆಯಾಗಿ ಬ್ಲೀಡ್ ಮಾಡಿರಲಿಲ್ಲ ಅಲ್ವಾ?

ಸಿಲಿಂಡರ್ ಬಿಚ್ಚಿ ವೈಸ್‌ನಲ್ಲಿ ಮಟ್ಟವಾಗಿ ಹಿಡಿಸಿ. ಪೈಪ್ ಕೂರುವ ತೂತುಗಳಿಗೆ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಇನ್ನೊಂದು ತುದಿ ರಿಸರ್ವಾಯರ್‌ನ (ಸಿಲಿಂಡರ್ ಮೇಲಿನ ಆಯಿಲ್ ಡಬ್ಬಿಯ) ಬ್ರೇಕ್ ಆಯಿಲ್‌ನಲ್ಲಿ ಮುಳುಗಿರಲಿ. ಮೊಂಡು ಕಡ್ಡಿಯಿಂದ ಪಿಸ್ಟನ್ ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಮೊದಲು ದಪ್ಪ ಗುಳ್ಳೆ, ಆಮೇಲೆ ಸಾಸಿವೆ ಕಾಳಿನಷ್ಟು ಸಣ್ಣವು ಬರುತ್ತವೆ. ಆ ಸಣ್ಣವೂ ಪೂರ್ತಿ ನಿಲ್ಲಬೇಕು, ಅವಸರ ಬೇಡ.

ಮತ್ತೆ ಕೂರಿಸುವಾಗ ಪೈಪ್ ನಟ್‌ಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಸ್ಪ್ಯಾನರ್ ಆಮೇಲೆ. ಬಾಡಿ ಮೇಲೆ ಆಯಿಲ್ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತುಬರುತ್ತದೆ.

ನಂತರ ಚಕ್ರಗಳನ್ನು ಬ್ಲೀಡ್ ಮಾಡಿ. ಸಾಮಾನ್ಯವಾಗಿ ಸಿಲಿಂಡರಿನಿಂದ ದೂರದ್ದು ಮೊದಲು, ಆದರೆ ಎಲ್ಲ ಕಾರಿಗೂ ಹಾಗಲ್ಲ, ಮ್ಯಾನುಯಲ್ ನೋಡಿ. ಪೆಡಲ್ ಒತ್ತಿ ಹಿಡಿದಿರುವಾಗಲೇ ನಿಪ್ಪಲ್ (ಚಕ್ರದ ಬಳಿ ಗಾಳಿ ಹೊರಬಿಡುವ ಸಣ್ಣ ಸ್ಕ್ರೂ) ಮುಚ್ಚಬೇಕು. ರಿಸರ್ವಾಯರ್ ಬರಿದಾಗಲು ಬಿಡಬೇಡಿ. ಮುಚ್ಚಳದ ಮೇಲೆ ಬರೆದಿರುವ ಡಾಟ್ (DOT, ಬ್ರೇಕ್ ಆಯಿಲ್ ದರ್ಜೆ) ನಂಬರಿನ, ಸೀಲ್ ಒಡೆಯದ ಆಯಿಲ್ ಮಾತ್ರ ಹಾಕಿ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಘಟಕ) ಒಳಗೆ ಗಾಳಿ ಹೋಗಿದ್ದರೆ ಇಷ್ಟು ಸಾಲದಿರಬಹುದು, ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕಾಗಬಹುದು.

ಕೊನೆಗೆ ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗಿ 30 ಸೆಕೆಂಡ್ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಸಿಲಿಂಡರಿನ ಸೀಲ್ ಕೆಟ್ಟಿದೆ. ಆಗ ದಯವಿಟ್ಟು ಕಾರು ಹೊರಗೆ ತೆಗೆಯಬೇಡಿ.